ನೀರು ಹೊರುವವನು

ನಮ್ಮ ಕಡೆ ಮದುವೆ ಪಂಕ್ತಿಯಲ್ಲಿ ಪಾಯಸ ಬಡಿಸುವವರಿಗೆ ಒಂದು ಗತ್ತು ಇರುತ್ತೆ. ಎಲ್ಲರೂ ಅವರನ್ನೇ ಕರೆಯೋದು. ನೀರಿನ ಜಗ್ಗು ಹಿಡಿದವನನ್ನು ಯಾರೂ ನೋಡೋದಿಲ್ಲ, ಬಿಕ್ಕಳಿಕೆ ಬಂದಾಗ ಬಿಟ್ಟರೆ. ಚಿಕ್ಕಂದಿನಲ್ಲಿ ನನ್ನ ಕೈಗೆ ಬರ್ತಿದ್ದದ್ದು ಯಾವಾಗಲೂ ಆ ಜಗ್ಗೇ. ಆ ಸಿಟ್ಟಿಗೋ ಏನೋ, ಫುಟ್‌ಬಾಲ್ ನೋಡುವಾಗ ನನಗೆ ಬೇಕಾದದ್ದು ಬರೀ ಪಾಯಸದವರು. 1998ರ ವಿಶ್ವಕಪ್ ಫೈನಲ್‌ನಲ್ಲಿ ಫ್ರಾನ್ಸ್ ಬ್ರೆಜಿಲನ್ನು 3-0 ಸೋಲಿಸಿದ್ದು ಅಂದರೆ ನನ್ನ ಪಾಲಿಗೆ ಜಿದಾನ್ ತಲೆಯಿಂದ ಹೊಡೆದ ಎರಡು ಗೋಲು, ಅಷ್ಟೇ. ಅವತ್ತು ನಾಯಕನಾಗಿ ಕಪ್ ಎತ್ತಿದ್ದು ಮಿಡ್‌ಫೀಲ್ಡರ್ ಡಿಡಿಯೆ ಡೆಶಾಂ. ಆತನ ಆಟದಲ್ಲಿ ಒಂದೇ ಒಂದು ಚಿತ್ರವೂ ನನಗೆ ನೆನಪಿರಲಿಲ್ಲ!

ಈ ಡೆಶಾಂಗೆ ಎರಿಕ್ ಕ್ಯಾಂಟೊನಾ ಇಟ್ಟ ಹೆಸರು 'ನೀರು ಹೊರುವವನು'. ಫ್ರಾನ್ಸಿನಲ್ಲಿ ಇದು ಸೈಕಲ್ ರೇಸಿನ ಮಾತು. ತಂಡದ ಸ್ಟಾರ್‌ಗೆ ನೀರಿನ ಬಾಟ್ಲಿ ತಂದುಕೊಡುವ ಸವಾರನಿಗೆ ಹಾಗನ್ನುತ್ತಾರೆ. ಇಂಥವರು ಬೀದಿಗೊಬ್ಬರು ಸಿಗ್ತಾರೆ ಅನ್ನೋದು ಕ್ಯಾಂಟೊನಾ ಅಭಿಪ್ರಾಯ. ಓದಿದಾಗ ನಾನೂ ನಕ್ಕಿದ್ದೆ. ಲೆಕ್ಕವೂ ಹಾಗೇ ಇತ್ತಲ್ಲ. ದೇಶಕ್ಕಾಗಿ 103 ಪಂದ್ಯ, ನಾಲ್ಕೇ ಗೋಲು.

ಆದರೆ ಇದೇ ಮನುಷ್ಯ ಮಾರ್ಸೆಯ ನಾಯಕನಾಗಿ 1993ರಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿದ್ದ, ಆಗಿನ್ನೂ 24 ವರ್ಷ. ಯುವೆಂಟಸ್ ಜೊತೆ 1996ರಲ್ಲಿ ಮತ್ತೆ ಗೆದ್ದ. ಫ್ರಾನ್ಸ್ ನಾಯಕನಾಗಿ 2000ದ ಯೂರೋ ಕಪ್ಪನ್ನೂ ತಂದ. ಎಲ್ಲ ಕಡೆಯೂ ಇದು ಬರೀ ಅದೃಷ್ಟವೇ?

ನನಗೆ ಹೆಚ್ಚು ಕಾಡೋದು ಒಂದು ಸೋಲು. 1993ರ ನವೆಂಬರ್, ಪ್ಯಾರಿಸ್. ವಿಶ್ವಕಪ್‌ಗೆ ಹೋಗಲು ಬಲ್ಗೇರಿಯಾ ವಿರುದ್ಧ ಡ್ರಾ ಸಾಕು. ಕ್ಯಾಂಟೊನಾನೇ ಗೋಲು ಹೊಡೆದಿದ್ದ, ಡೆಶಾಂ ಕೂಡ ಆಡ್ತಿದ್ದ. ಕೊನೇ ಕ್ಷಣ, 1-1. ಸುಮ್ಮನೆ ಚೆಂಡು ಇಟ್ಕೊಂಡಿದ್ದರೆ ಮುಗೀತಿತ್ತು. ಫ್ರಾನ್ಸ್ ಚೆಂಡು ಬಿಟ್ಟುಕೊಟ್ಟಿತು, ಕೊಸ್ತಾದಿನೋವ್ ಗೋಲು ಹೊಡೆದೇಬಿಟ್ಟ. ಡೆಶಾಂ ಕೋಚ್ ಆದ ಮೇಲೆ ಅಷ್ಟೊಂದು ಜುಗ್ಗನ ಹಾಗೆ ಆಡಿಸೋದು ನೋಡಿದಾಗೆಲ್ಲ, ಆ ರಾತ್ರಿ ಈತನ ಮೈಯಲ್ಲಿ ಇನ್ನೂ ಉಳಿದಿರಬೇಕು ಅನ್ನಿಸುತ್ತೆ. ಇದು ನನ್ನ ಊಹೆ, ಅಷ್ಟೇ.

ಫ್ರಾನ್ಸ್ ತಂಡದ ಹೊಣೆ ಆತನಿಗೆ ಬಂದದ್ದು 2012ರಲ್ಲಿ. 2016ರ ಯೂರೋ ಫೈನಲ್‌ನಲ್ಲಿ ತನ್ನದೇ ನೆಲದಲ್ಲಿ ಪೋರ್ಚುಗಲ್‌ಗೆ ಸೋತ. 2018ರಲ್ಲಿ ಕ್ರೊವೇಷ್ಯಾವನ್ನು 4-2 ಸೋಲಿಸಿ ವಿಶ್ವಕಪ್ ಗೆದ್ದ. ಆಟಗಾರನಾಗಿಯೂ ಕೋಚ್ ಆಗಿಯೂ ವಿಶ್ವಕಪ್ ಗೆದ್ದವರು ಅದಕ್ಕೆ ಮುಂಚೆ ಇಬ್ಬರೇ, ಜಗಾಲೊ ಮತ್ತು ಬೆಕನ್‌ಬಾಯರ್. ಆ ಟೂರ್ನಿಯಲ್ಲಿ ಮುಂಚೂಣಿಯ ಜಿರೂ ಗೋಲಿನ ಕಡೆಗೆ ನೆಟ್ಟಗೆ ಒಂದು ಹೊಡೆತವನ್ನೂ ಹೊಡೆಯಲಿಲ್ಲ. ಆದರೂ ಡೆಶಾಂ ಅವನನ್ನು ಬಿಡಲಿಲ್ಲ. ಎದುರಾಳಿ ಡಿಫೆಂಡರ್‌ಗಳನ್ನು ತನ್ನ ಕಡೆ ಎಳೆದು ಎಂಬಾಪೆಗೆ ಜಾಗ ಮಾಡಿಕೊಡುವವನೂ ಬೇಕಲ್ಲ? ಜಗ್ಗು ಹಿಡಿದವನಿಗೆ ಜಗ್ಗು ಹಿಡಿದವನ ಬೆಲೆ ಗೊತ್ತು.

ಹಾಗಂತ ದಾಕ್ಷಿಣ್ಯ ಇಲ್ಲ. 2022ರ ಫೈನಲ್‌ನಲ್ಲಿ ಅರ್ಜೆಂಟೀನಾ ಎದುರು 0-2 ಹಿಂದಿದ್ದಾಗ, 41ನೇ ನಿಮಿಷಕ್ಕೇ ಅದೇ ಜಿರೂನನ್ನೂ ಡೆಂಬೆಲೆಯನ್ನೂ ಹೊರಗೆ ಕರೆದ. ವಿರಾಮದ ತನಕವೂ ಕಾಯಲಿಲ್ಲ! ಒಳಗೆ ಹೋದವರು ಕೊಲೊ ಮುವಾನಿ, ಥುರಾಂ. 80ನೇ ನಿಮಿಷದ ಪೆನಾಲ್ಟಿ ಗಳಿಸಿಕೊಟ್ಟವನು ಕೊಲೊ ಮುವಾನಿ, 81ರಲ್ಲಿ ಎಂಬಾಪೆಗೆ ಚೆಂಡು ಎತ್ತಿಕೊಟ್ಟವನು ಥುರಾಂ. 3-3 ಆಗಿ, ಪೆನಾಲ್ಟಿ ಶೂಟೌಟ್‌ನಲ್ಲಿ ಸೋತರು, ನಿಜ. ನನಗೆ ಮಾತ್ರ ನೆನಪಿರೋದು ಆ 41ನೇ ನಿಮಿಷ.

ಅವನ ಆಟ ಈಗಲೂ ನನಗೆ ಪೂರ್ತಿ ಇಷ್ಟವಿಲ್ಲ, ಸುಳ್ಳು ಯಾಕೆ ಹೇಳಲಿ? 2024ರ ಯೂರೋದಲ್ಲಿ ಸೆಮಿಫೈನಲ್ ತಲುಪುವ ತನಕ ಫ್ರಾನ್ಸ್ ಲೆಕ್ಕಕ್ಕೆ ಬಂದದ್ದು ಎದುರಾಳಿಗಳೇ ಹೊಡೆದುಕೊಂಡ ಎರಡು ಗೋಲು, ಒಂದು ಪೆನಾಲ್ಟಿ. ನೋಡ್ತಾ ನೋಡ್ತಾ ತೂಕಡಿಸಿದ್ದೀನಿ. 2026ರ ವಿಶ್ವಕಪ್ ಮುಗಿಸಿ ಹೊರಡ್ತೀನಿ ಅಂತ 2025ರ ಜನವರಿಯಲ್ಲಿ ಆತ ಹೇಳಿದಾಗ ಮಾತ್ರ ಯಾಕೋ ಬೇಜಾರಾಯ್ತು.

ಇಷ್ಟು ವರ್ಷ ಕ್ಯಾಂಟೊನಾ ಜೊತೆ ಸೇರಿ ನಾನು ನಕ್ಕದ್ದು ಡೆಶಾಂನನ್ನು ನೋಡಿ ಅಲ್ಲ, ಜಗ್ಗು ಹಿಡಿದು ನಿಂತಿದ್ದ ಆ ಹುಡುಗನನ್ನು ನೋಡಿ. ನಾಚಿಕೆಯಾಯ್ತು.

ನಿಮ್ಮ ಪಂಕ್ತಿಯಲ್ಲಿ ನಿಮಗೆ ಏನು ಸಿಗ್ತಿತ್ತು, ಪಾಯಸವೋ ಜಗ್ಗೋ?