ಅಳಿಯಕಟ್ಟಿನ ಊರು ಬಾರಕೂರು

ಕರಾವಳಿಗೆ ಬಂದವರು ಉಡುಪಿಯಲ್ಲಿ ಕೃಷ್ಣನ ದರ್ಶನ ಮುಗಿಸಿ ನೇರವಾಗಿ ಕೊಲ್ಲೂರಿನ ಬಸ್ಸು ಹತ್ತಿಬಿಡುತ್ತಾರೆ. ನಡುವೆ ನಮ್ಮ ಬ್ರಹ್ಮಾವರದಲ್ಲಿ ಇಳಿದು ಅರ್ಧ ದಿನ ಬಾರಕೂರು ನೋಡಿ ಹೋಗಿ ಎಂದು ಓದುಗ ಸೋದರಿಯರಲ್ಲಿ ನನ್ನ ವಿನಂತಿ. ಹೆಂಗಸರಾದ ನಾವು ತಿಳಿದಿರಬೇಕಾದ ಕಥೆಯೊಂದು ಅಲ್ಲಿದೆ.

ಸೀತಾನದಿಯ ದಡದ ಈ ಊರು ಒಂದು ಕಾಲಕ್ಕೆ ರಾಜಧಾನಿ. ಆಳುಪ ಅರಸರು ಇಲ್ಲಿಂದ ಆಳಿದರು. ವಿಜಯನಗರದ ಕಾಲದಲ್ಲಿ ಸುತ್ತಲ ಸೀಮೆಗೆ ಬಾರಕೂರು ರಾಜ್ಯ ಎಂದೇ ಹೆಸರು. 14ನೇ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ ಇದನ್ನು 'ಫಾಕನೂರ್' ಎಂದು ಕರೆದು, ಇಲ್ಲಿನ ಕಬ್ಬನ್ನು ಹೊಗಳಿದ್ದಾನೆ. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನಗಳಿದ್ದವೆಂದು ಹಿರಿಯರು ಹೇಳುವುದುಂಟು. ಈಗಲೂ ಚೌಳಿಕೇರಿ, ಮೂಡುಕೇರಿ, ಕೋಟೆಕೇರಿ ಎಂದು ಕೇರಿಗೊಂದು ಗುಡಿ ನೋಡುತ್ತಾ ನಡೆಯಬಹುದು. ಮಣಿಗಾರಕೇರಿಯ ಕತ್ತಲೆ ಬಸದಿಯನ್ನಂತೂ ಬಿಡಬೇಡಿ.

13ನೇ ಶತಮಾನದ ಕೊನೆಯ ಭಾಗದಲ್ಲಿ ಇಲ್ಲಿ ಆಳಿದವಳು ಒಬ್ಬ ರಾಣಿ, ಬಲ್ಲಮಹಾದೇವಿ. ಗಂಡ ವೀರಪಾಂಡ್ಯ ತೀರಿಕೊಂಡ ಮೇಲೆ ರಾಜ್ಯಭಾರ ವಹಿಸಿಕೊಂಡು ಹಲವು ವರ್ಷ ನಡೆಸಿದಳು. ಅವಳ ಹೆಸರು ಶಾಸನಗಳಲ್ಲಿದೆ. ಆದರೆ ಜನರ ಬಾಯಲ್ಲಿ ಉಳಿದದ್ದು ಇನ್ನೊಂದು ಕಥೆ.

ದೇವಪಾಂಡ್ಯನೆಂಬ ಅರಸ ಹಡಗು ಕಟ್ಟಿಸಿದನಂತೆ. ಕುಂಡೋದರನೆಂಬ ಭೂತ ನರಬಲಿ ಕೇಳಿತು. ಅರಸ ತನ್ನ ಮಗನನ್ನು ಕೊಡಲು ಹೊರಟರೆ ಹೆಂಡತಿ ಸುತಾರಾಂ ಒಪ್ಪಲಿಲ್ಲ. ಆಗ ಅವನ ತಂಗಿ ತನ್ನ ಮಗ ಜಯಪಾಂಡ್ಯನನ್ನು ಕೊಡಲು ಮುಂದೆ ಬಂದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು. ಅವನೇ ಭೂತಾಳಪಾಂಡ್ಯನಾಗಿ, ಇನ್ನು ಮುಂದೆ ಆಸ್ತಿ ಮಕ್ಕಳಿಗಲ್ಲ, ಸೋದರಿಯ ಮಕ್ಕಳಿಗೆ ಎಂದು ಕಟ್ಟಳೆ ಮಾಡಿದ. ಅದೇ ಅಳಿಯಕಟ್ಟು, ಅಳಿಯಸಂತಾನ. ಇದು ಐತಿಹ್ಯವೇ ಹೊರತು ಇತಿಹಾಸವಲ್ಲ. ನನಗಂತೂ ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಮಗನನ್ನು ಬಲಿಗೆ ಕೊಡೆನೆಂದ ತಾಯಿಯ ತಪ್ಪಾದರೂ ಏನು? ನಾವು ಯಾರಾದರೂ ಕೊಡುತ್ತಿದ್ದೆವೇ?

ಬಂಟರು, ಬಿಲ್ಲವರು, ಮೊಗವೀರರು ಮುಂತಾದವರಲ್ಲಿ ಈ ಪದ್ಧತಿ ಬಹುಕಾಲ ನಡೆಯಿತು. 'ಬಳಿ' ತಾಯಿಯದು, ಮಕ್ಕಳೂ ತಾಯಿಯ ಮನೆಯವರು. ತವರಿನಲ್ಲಿ ಹೆಣ್ಣಿಗೆ ಸದಾ ಒಂದು ನೆಲೆ ಇತ್ತು. ಗಂಡನ ಮನೆ ಸರಿಹೋಗದಿದ್ದರೆ ಯಾರ ಹಂಗೂ ಇಲ್ಲದೆ ಹಿಂದಿರುಗಬಹುದಿತ್ತು. ಆದರೆ ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲೇ. ಇನ್ನೊಂದು ಕಷ್ಟವೂ ಇತ್ತು. ಗಂಡನ ಗದ್ದೆಯಲ್ಲಿ ವರ್ಷಗಟ್ಟಲೆ ದುಡಿದವಳು, ಅವನು ಕಣ್ಣು ಮುಚ್ಚಿದರೆ ಮಕ್ಕಳ ಕೈಹಿಡಿದು ತವರಿಗೆ ಹೊರಡಬೇಕಾಗುತ್ತಿತ್ತು.

1949ರ ಮದ್ರಾಸು ಅಳಿಯಸಂತಾನ ಕಾಯ್ದೆಯಿಂದ ಕುಟುಂಬದ ಕವರುಗಳಿಗೆ ಪಾಲು ಕೇಳುವ ಹಕ್ಕು ಬಂತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಂಡತಿ ಮಕ್ಕಳಿಗೂ ಹಕ್ಕು ಕೊಟ್ಟಿತು. ಮಕ್ಕಳಕಟ್ಟಿನ ಮನೆಗಳ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಎಂದು ದೇಶದ ಕಾನೂನು ಹೇಳಿದ್ದು 2005ರಲ್ಲಿ. ಆದರೂ ಅರಿಶಿನ ಕುಂಕುಮಕ್ಕೆಂದು ತವರಿಗೆ ಹೋದವಳ ಮುಂದೆ ಹಕ್ಕು ಬಿಡುಗಡೆಯ ಕಾಗದ ಇಟ್ಟು ರುಜು ಹಾಕಿಸಿಕೊಳ್ಳುವುದು ಇಂದಿಗೂ ನಿಂತಿಲ್ಲ. ಓದದೆ ರುಜು ಹಾಕಬೇಡಿ. ಸಂಶಯವಿದ್ದರೆ ವಕೀಲರನ್ನು ಕೇಳಿ. ಕೇಳಿದ ಮಾತ್ರಕ್ಕೆ ತವರಿನ ಪ್ರೀತಿ ಕಳೆಯುವುದಿಲ್ಲ.

ಬಾರಕೂರಿಗೆ ಬ್ರಹ್ಮಾವರದಿಂದ ಬಸ್ಸಿದೆ, ಊರಿನಲ್ಲೇ ಕೊಂಕಣ ರೈಲಿನ ನಿಲ್ದಾಣವೂ ಇದೆ. ಮಳೆಗಾಲ ಕಳೆದ ಮೇಲೆ ಬೆಳಿಗ್ಗೆ ಹೊರಡಿ. ಬಿಸಿಲಿಗೆ ಕೊಡೆ, ಕುಡಿಯಲು ನೀರು ಜೊತೆಗಿರಲಿ. ಮಗಳನ್ನೂ ಕರೆದುಕೊಂಡು ಬನ್ನಿ. ಭೂತಾಳಪಾಂಡ್ಯನ ಕಥೆ ಹೇಳಿದ ಹಾಗೆ ಬಲ್ಲಮಹಾದೇವಿಯ ಕಥೆಯನ್ನೂ ಅವಳಿಗೆ ಹೇಳಿ. ಆ ಮೇಲೆ ಕಾಯ್ದೆಯನ್ನೂ ಹೇಳಿ.