ಕರಿಕೋಟಿಗೆ ಪ್ರವೇಶವಿಲ್ಲ

ನಾನು ಸನ್ನದು ಪಡೆದು ದಕ್ಷಿಣ ಕನ್ನಡದ ತಾಲೂಕು ಕೋರ್ಟೊಂದಕ್ಕೆ ಬಂದ ಕಾಲದಲ್ಲಿ ಊರಿನ ದೊಡ್ಡ ವ್ಯಾಜ್ಯಗಳು ಕೋರ್ಟಿನಲ್ಲಿ ನಡೆಯುತ್ತಿರಲಿಲ್ಲ. ಅವು ನಡೆಯುತ್ತಿದ್ದದ್ದು ತಾಲೂಕು ಕಚೇರಿಯಲ್ಲಿ, ಭೂನ್ಯಾಯ ಮಂಡಳಿಯ ಮುಂದೆ. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಜಮೀನೆಲ್ಲ ಸರ್ಕಾರದ ವಶವಾಗಿತ್ತು. ಉಳುವ ಒಕ್ಕಲು ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ‘ಡಿಕ್ಲರೇಶನ್’ ಕೊಡಬೇಕು. ತೀರ್ಮಾನ ಮಾಡುವವರು ಅಧ್ಯಕ್ಷರಾದ ಸಹಾಯಕ ಕಮಿಷನರು ಮತ್ತು ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು. ಕಾಯ್ದೆಯ 48ನೇ ಕಲಮಿನ 8ನೇ ಉಪಕಲಮು ನಮ್ಮನ್ನು ಹೊರಗಿಟ್ಟಿತ್ತು. ವಕೀಲರು ಮಂಡಳಿಯ ಮುಂದೆ ಹಾಜರಾಗುವಂತಿಲ್ಲ.

ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಧನಿಗಳಿಗೆ ವಕೀಲರಿದ್ದರು, ಒಕ್ಕಲಿಗೆ ಇರಲಿಲ್ಲ. ಸಿವಿಲ್ ಕೋರ್ಟಿನ ಕೈಯನ್ನೂ ಕಾಯ್ದೆ ಕಟ್ಟಿತ್ತು. ಇಂಜಂಕ್ಷನ್ ದಾವೆಯಲ್ಲಿ ಪ್ರತಿವಾದಿ ತಾನು ಒಕ್ಕಲೆಂದು ತಕರಾರು ಎತ್ತಿದರೆ ಮುನ್ಸಿಫರು ಆ ಪ್ರಶ್ನೆಯನ್ನು ಮಂಡಳಿಗೇ ಕಳಿಸಬೇಕಿತ್ತು.

ಕೆಲಸ ಕಡಿಮೆಯಿದ್ದ ದಿನಗಳಲ್ಲಿ ನಾನು ಮಂಡಳಿ ಕೂರುತ್ತಿದ್ದ ಹಾಲಿನ ಕಿಟಕಿಯ ಪಕ್ಕ ನಿಂತು ಕೇಳುತ್ತಿದ್ದೆ.

“ಗೇಣಿ ಎಷ್ಟು ಕೊಡ್ತಿದ್ದೆ?”

“ಹತ್ತು ಮುಡಿ ಅಕ್ಕಿ, ಸ್ವಾಮಿ.”

“ರಶೀದಿ?”

“ಧನಿಗಳ ಹತ್ರ ರಶೀದಿ ಕೇಳ್ಲಿಕ್ಕುಂಟಾ ಸ್ವಾಮಿ?”

ಮುನ್ಸಿಫ್ ಕೋರ್ಟಿನಲ್ಲಿ ಈ ಉತ್ತರ ಬಂದಿದ್ದರೆ ನಮ್ಮಲ್ಲೊಬ್ಬರು ಎದ್ದು, ‘ಇದೆಯೋ ಇಲ್ಲವೋ, ಅಷ್ಟು ಹೇಳು’ ಎಂದು ಅವನ ಬಾಯಿ ಮುಚ್ಚಿಸುತ್ತಿದ್ದೆವು. ಇಲ್ಲಿ ಅದನ್ನೇ ಉತ್ತರವೆಂದು ಕೇಳಿಸಿಕೊಂಡರು. ಸದಸ್ಯರೊಬ್ಬರು ಮುಂದುವರಿದು, ಕೊಳಕೆ ಬೆಳೆಗೆ ಯಾರ ಕೋಣ ಗದ್ದೆಗೆ ಇಳಿದದ್ದು ಎಂದು ಧನಿಯನ್ನೇ ಕೇಳಿದರು. ಕಾನೂನು ಕಾಲೇಜಿನಲ್ಲಿ ಕಲಿತ ನನಗೆ ಆ ಪ್ರಶ್ನೆ ಹೊಳೆಯುತ್ತಲೇ ಇರಲಿಲ್ಲ.

ಆದರೆ ಅದೇ ಕಿಟಕಿಯಿಂದ ಬೇರೆಯದನ್ನೂ ಕಂಡೆ. ಕೋರ್ಟಿನಲ್ಲಿ ಕಕ್ಷಿದಾರನ ಪರಿಚಯವಿರುವ ನ್ಯಾಯಾಧೀಶರು ಆ ಕೇಸಿನಿಂದ ಹಿಂದೆ ಸರಿಯುತ್ತಾರೆ. ಇಲ್ಲಿ ಊರಿನ ಪರಿಚಯವೇ ಸದಸ್ಯರ ಅರ್ಹತೆ. ಊರು ಗೊತ್ತಿದ್ದವರಿಗೆ ಊರಿನ ನಂಟೂ ಜಗಳವೂ ಗೊತ್ತಿರುತ್ತದೆ. ಒಬ್ಬನಿಗೆ ಹತ್ತು ಪ್ರಶ್ನೆ ಕೇಳಿ ಇನ್ನೊಬ್ಬನನ್ನು ಒಂದಕ್ಕೇ ಬಿಟ್ಟರೆ ತಡೆಯುವವರಿಲ್ಲ. ಗಂಡ ತೀರಿದ ಮೇಲೆ ಎರಡೆಕರೆ ಗದ್ದೆಯನ್ನು ಗೇಣಿಗೆ ಕೊಟ್ಟಿದ್ದ ಹೆಂಗಸೂ ಅಲ್ಲಿ ಒಬ್ಬಳೇ ನಿಲ್ಲಬೇಕಿತ್ತು. ಧನಿಯೇ ವಕೀಲನಾಗಿದ್ದರೆ? ಕರಿಕೋಟು ಮನೆಯಲ್ಲಿ ಬಿಟ್ಟು ಕಕ್ಷಿದಾರನಾಗಿ ಬರುತ್ತಿದ್ದ, ಗಂಟೆಗಟ್ಟಲೆ ವಾದಿಸುತ್ತಿದ್ದ. ಉಳಿದ ನಾವೂ ಸುಮ್ಮನಿರಲಿಲ್ಲ. ಅರ್ಜಿ, ತಕರಾರು, ಹೇಳಬೇಕಾದ ಮಾತು ಎಲ್ಲವನ್ನೂ ಕಚೇರಿಯಲ್ಲಿ ಟೈಪು ಮಾಡಿಸಿ ಕೈಗೆ ಕೊಟ್ಟು ಒಳಗೆ ಕಳಿಸುತ್ತಿದ್ದೆವು.

ಮಂಡಳಿಯ ಆದೇಶಕ್ಕೆ ಆಗ ಅಪೀಲು ಇರಲಿಲ್ಲ. ಸೋತವರು ರಿಟ್ ಹಾಕಲು ನೇರವಾಗಿ ಬೆಂಗಳೂರಿಗೆ ಹೋದರು. ಸಾಕ್ಷ್ಯ ಬರೆದುಕೊಂಡಿಲ್ಲ, ಪಾಟೀಸವಾಲಿಗೆ ಅವಕಾಶ ಕೊಟ್ಟಿಲ್ಲ, ಆದೇಶಕ್ಕೆ ಕಾರಣ ಕೊಟ್ಟಿಲ್ಲ ಎಂದು ಹೈಕೋರ್ಟು ಫೈಲುಗಳನ್ನು ಮರುವಿಚಾರಣೆಗೆ ವಾಪಸು ಕಳಿಸತೊಡಗಿತು. ತಾಲೂಕಿನ ವಕೀಲನ ಖರ್ಚಿನಿಂದ ತಪ್ಪಿಸಿಕೊಂಡಿದ್ದ ಒಕ್ಕಲು ರಾತ್ರಿ ಬಸ್ಸು ಹತ್ತಿ ರಾಜಧಾನಿಯ ವಕೀಲರನ್ನು ಹುಡುಕಬೇಕಾಯಿತು. ಕೇಸು ಮರಳಿ ಬರುವಷ್ಟರಲ್ಲಿ ಎಷ್ಟೋ ಅರ್ಜಿದಾರರು ತೀರಿಕೊಂಡು, ವಾರಸುದಾರರು ಅವರ ಜಾಗದಲ್ಲಿ ನಿಂತಿದ್ದರು.

1987ರಲ್ಲಿ ಸುಪ್ರೀಂ ಕೋರ್ಟು, ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ, ಭೂಸುಧಾರಣೆಯನ್ನು ಎತ್ತಿಹಿಡಿದು ಆ ಉಪಕಲಮನ್ನು ಮಾತ್ರ ರದ್ದು ಮಾಡಿತು. ವಕೀಲಿಕೆ ನಡೆಸುವ ಹಕ್ಕು ಸಂಸತ್ತಿನ ಕಾನೂನಿಗೆ ಸೇರಿದ್ದು, ರಾಜ್ಯದ ಶಾಸನ ಅದಕ್ಕೆ ಅಡ್ಡ ಬರುವಂತಿಲ್ಲ ಎಂಬುದು ತೀರ್ಪಿನ ಸಾರ. ಕಿಟಕಿಯಾಚೆ ನಿಂತಿದ್ದವರು ಒಳಗೆ ಹೋದೆವು. ಸಾಕ್ಷಿಯ ಹೇಳಿಕೆ ಸರಿಯಾಗಿ ದಾಖಲಾಯಿತು, ಸುಳ್ಳು ಹೇಳಿದವರು ಪಾಟೀಸವಾಲಿನಲ್ಲಿ ಸಿಕ್ಕಿಬಿದ್ದರು, ಆದೇಶಗಳಿಗೆ ಕಾರಣಗಳು ಬಂದವು. ಅದರ ಜೊತೆಗೇ ಫೈಲು ದಪ್ಪವಾಯಿತು, ವಾಯಿದೆಗಳು ಬೆಳೆದವು. ಅಧ್ಯಕ್ಷರು ಏನು ಕೇಳಿದರೂ ನನ್ನ ಕಕ್ಷಿದಾರರು ಮೊದಲು ನನ್ನ ಮುಖ ನೋಡಲು ಶುರುಮಾಡಿದರು.

ಆ ಅಭ್ಯಾಸ ಈಗ ಸಿವಿಲ್ ಕೋರ್ಟಿನಲ್ಲಿ ಇನ್ನೂ ಗಟ್ಟಿಯಾಗಿದೆ. 2002ರ ತಿದ್ದುಪಡಿಯಿಂದ ಮುಖ್ಯ ವಿಚಾರಣೆ ಅಫಿಡವಿಟ್ಟಿನಲ್ಲೇ ಮುಗಿಯುತ್ತದೆ. ಕಕ್ಷಿದಾರನ ಕಥೆ ನ್ಯಾಯಾಧೀಶರನ್ನು ತಲುಪುವುದು ವಕೀಲರ ವಾಕ್ಯಗಳಲ್ಲಿ. ಸಾಕ್ಷಿಗೆ ಯಾವಾಗ ಬೇಕಾದರೂ, ಯಾವ ಪ್ರಶ್ನೆಯನ್ನಾದರೂ ಕೇಳುವ ಅಧಿಕಾರವನ್ನು ಸಾಕ್ಷ್ಯ ಕಾಯ್ದೆಯ 165ನೇ ಕಲಮು ನ್ಯಾಯಾಧೀಶರಿಗೆ ಕೊಟ್ಟಿತ್ತು. 2024ರಲ್ಲಿ ಬಂದ ಹೊಸ ಅಧಿನಿಯಮದಲ್ಲೂ ಅದು ಉಳಿದಿದೆ. ಬಳಸಿದವರನ್ನು ನಾನು ಕಂಡದ್ದು ಕಡಿಮೆ.

ವಕೀಲರನ್ನು ಹೊರಗಿಟ್ಟರೆ ಬಡವನ ದನಿ ಕೇಳಿಸುತ್ತದೆ ಎಂಬ ಲೆಕ್ಕ ಅರ್ಧ ಸರಿಯಿತ್ತು. ದನಿಯೇನೋ ಕೇಳಿಸಿತು, ಆದರೆ ಅದು ಕಾಗದಕ್ಕೆ ಇಳಿಯದೆ ಮೇಲಿನ ಕೋರ್ಟಿನಲ್ಲಿ ನಿಲ್ಲಲಿಲ್ಲ. ಎದುರು ಮಾತಾಡಲು ವಕೀಲ ಬೇಕೇ ಬೇಕು. ಆದರೆ ಕೇಳುವ ಕೆಲಸವನ್ನೆಲ್ಲ ನಮಗೇ ಬಿಟ್ಟುಕೊಟ್ಟು ನ್ಯಾಯಾಧೀಶರು ಸುಮ್ಮನೆ ಕೂರಬಾರದು. ಯಾರಾದರೂ ಪೀಠದಿಂದ ಬಾಗಿ ನನ್ನ ಸಾಕ್ಷಿಯನ್ನು ನೇರವಾಗಿ ಪ್ರಶ್ನಿಸಿದರೆ, ಉತ್ತರ ನನ್ನ ಕೇಸನ್ನೇ ಕೆಡಿಸಿದರೂ, ನಾನು ಆಕ್ಷೇಪಿಸಲು ಏಳುವುದಿಲ್ಲ.