ಬಿಸಿಲಿನ ಮೇಲೆ ಹೊರಿಸಿದ ತಪ್ಪು

ನಮ್ಮ ಊರು ಚಾಮರಾಜನಗರ ತಾಲ್ಲೂಕಿನ ಉಡಿಗಾಲ. ಮನೆಯಲ್ಲಿ ಎರಡು ಹಸು, ಹನ್ನೆರಡು ಮೇಕೆ ಇವೆ. ಡೈರಿಗೆ ಹಾಕುವ ಹಾಲಿನ ದುಡ್ಡಿನಲ್ಲೇ ನನ್ನ ಕಾಲೇಜು ಫೀಸು, ಬಸ್ ಪಾಸು. ಮೇಕೆಗಳನ್ನು ಬಕ್ರೀದ್ ಸಮಯದಲ್ಲಿ ಮಾರುತ್ತೇವೆ.

ಸರ್ಕಾರ 2014ರಲ್ಲಿ ಕೃಷಿ ಭಾಗ್ಯ ಯೋಜನೆ ತಂದ ಮೇಲೆ ಒಣಭೂಮಿಯ ಹೊಲಗಳಲ್ಲಿ ಕೃಷಿ ಹೊಂಡಗಳು ಹೆಚ್ಚಾದವು. ನಮ್ಮ ಹೊಲದಲ್ಲೂ ಒಂದಿದೆ. 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳ. ನಮ್ಮದು ಮರಳು ಮಿಶ್ರಿತ ಕೆಂಪು ಮಣ್ಣು, ನೀರು ನಿಲ್ಲುವುದಿಲ್ಲ. ಅದಕ್ಕೇ ಒಳಗೆ ಪ್ಲಾಸ್ಟಿಕ್ ಹೊದಿಕೆ ಹಾಸಿದ್ದರು.

ಕಳೆದ ಬೇಸಿಗೆ ರಜೆಯಲ್ಲಿ ಮೇಕೆ ಕಾಯುವ ಕೆಲಸ ನನ್ನದು. ಒಂದು ಮಧ್ಯಾಹ್ನ ಮೊಬೈಲ್ ನೋಡುತ್ತಾ ಕುಳಿತೆ. ಬೇಲಿಯ ಬಾಗಿಲು ಹಾಕಿರಲಿಲ್ಲ. ಮೇಕೆಗಳು ಹೊಂಡಕ್ಕೆ ಇಳಿದು ನೀರು ಕುಡಿದವು, ಹತ್ತಿ ಬರುವಾಗ ಗೊರಸು ತಗುಲಿ ಹೊದಿಕೆ ಹರಿಯಿತು. ನಾನು ಹರಿದ ಜಾಗವನ್ನು ಎಳೆದು ಮುಚ್ಚಿ, ಮೇಲೊಂದು ಕಲ್ಲಿಟ್ಟು ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ.

ನೀರು ಇಳಿಯತೊಡಗಿತು. ಅಬ್ಬಾ ಕೇಳಿದಾಗ, "ಬಿಸಿಲು ಜಾಸ್ತಿ ಅಬ್ಬಾ, ಆವಿಯಾಗಿ ಹೋಗ್ತಿದೆ" ಎಂದೆ. ಓದುವ ಮಗಳು ಹೇಳಿದ್ದಾಳೆಂದು ಅವರು ನಂಬಿದರು. ಎರಡು ವಾರ ಕಳೆಯಿತು. ನೀರಿಲ್ಲದೆ ಸಾಕುವುದು ಕಷ್ಟ, ದೊಡ್ಡ ಹಸುವನ್ನು ತೆರಕಣಾಂಬಿ ಸಂತೆಗೆ ಹೊಡೆಯೋಣ ಎಂದು ಅಮ್ಮಿಯ ಹತ್ತಿರ ಹೇಳುವುದು ಕೇಳಿಸಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಪಕ್ಕದ ಹೊಲದ ತಾತ ಬಂದರು. "ಬಿಸ್ಲು ಎಷ್ಟು ಕುಡೀತದೆ ಅಂತ ಒಂದು ಬಕೆಟ್ ಇಟ್ಟು ನೋಡಿ ಭಾಯ್" ಎಂದರು. ಬಕೆಟ್ಟಿಗೆ ನೀರು ತುಂಬಿ, ಹೊಂಡದ ನೀರಿನಲ್ಲೇ ಅಲ್ಲಾಡದಂತೆ ನಿಲ್ಲಿಸಬೇಕು. ಎರಡರ ಮಟ್ಟಕ್ಕೂ ಗುರುತು ಹಾಕಬೇಕು. ಬಿಸಿಲು ಎರಡರಿಂದಲೂ ಒಂದೇ ಸಮನೆ ನೀರು ಎಳೆಯುತ್ತದೆ. ಹೊಂಡ ಹೆಚ್ಚು ಇಳಿದರೆ ಆ ಹೆಚ್ಚಿನದೆಲ್ಲ ಸೋರಿಕೆ. ಅಳತೆ ಬರೆಯುವ ಕೆಲಸ ನನಗೇ ಬಂತು.

ಮೂರು ದಿನಕ್ಕೆ ಬಕೆಟ್ 2 ಸೆಂಟಿಮೀಟರ್ ಇಳಿದಿತ್ತು, ಹೊಂಡ 11. ಅಂದರೆ ದಿನಕ್ಕೆ 3 ಸೆಂಟಿಮೀಟರ್ ಸೋರಿಕೆ. ನೀರಿನ ಮೇಲ್ಮೈ ಸುಮಾರು 8 ಮೀಟರ್ ಉದ್ದ, 8 ಮೀಟರ್ ಅಗಲ ಇತ್ತು. ಲೆಕ್ಕ ಹಾಕಿದೆ: ದಿನಕ್ಕೆ 1,920 ಲೀಟರ್! ಹಸುವಿಗೆ 50 ಲೀಟರ್, ಮೇಕೆಗೆ 5 ಲೀಟರ್ ಎಂದರೂ ನಮ್ಮ ಜಾನುವಾರುಗಳಿಗೆ ದಿನಕ್ಕೆ ಬೇಕಾದದ್ದು 160 ಲೀಟರ್. ಅವುಗಳ ಹನ್ನೆರಡು ದಿನದ ನೀರು ಒಂದೇ ದಿನಕ್ಕೆ ಮಣ್ಣುಪಾಲಾಗುತ್ತಿತ್ತು.

ಪುಸ್ತಕದಲ್ಲಿ ನಾನು ಏನು ಬರೆದರೂ ಅಬ್ಬಾ ನಂಬುತ್ತಿದ್ದರು. 11ರ ಬದಲು 3 ಎಂದು ಬರೆದಿದ್ದರೆ ತಪ್ಪು ಬಿಸಿಲಿನದೇ ಆಗಿ ಉಳಿಯುತ್ತಿತ್ತು, ಹಸು ಸಂತೆಗೆ ಹೋಗುತ್ತಿತ್ತು. ನಾನು 11 ಎಂದೇ ಬರೆದೆ. ಪುಸ್ತಕ ಕೈಗೆ ಕೊಟ್ಟು, ಮೇಕೆಗಳ ವಿಷಯವನ್ನೂ ಹೇಳಿಬಿಟ್ಟೆ.

ಅಬ್ಬಾ ಬೈಯಲಿಲ್ಲ. "ತೂತು ಮುಚ್ಚಬಹುದು ಮಗಳೇ. ಹೋದ ಎರಡು ವಾರದ ನೀರು ಎಲ್ಲಿಂದ ತರಲಿ?" ಎಂದಷ್ಟೇ ಕೇಳಿದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಬಿಸಿಲಿಗೆ ಹೊದಿಕೆ ಪುಡಿಪುಡಿಯಾಗುತ್ತಿತ್ತು, ತೇಪೆ ನಿಲ್ಲುವಂತಿರಲಿಲ್ಲ. ಹೊಸದಕ್ಕೆ ದುಡ್ಡಿರಲಿಲ್ಲ. ತಾತ ಹೇಳಿದಂತೆ ಉಳಿದ ನೀರನ್ನು ಡ್ರಮ್ಮುಗಳಿಗೆ ತುಂಬಿಸಿ, ಹೊದಿಕೆ ಕಿತ್ತೆವು. ಕಡಿದಾದ ಬದಿಯಲ್ಲಿ ಮಣ್ಣು ಜಾರುತ್ತದೆಂದು ಇಳಿಜಾರನ್ನು ಅಗಲ ಮಾಡಿದೆವು. ಪಂಚಾಯ್ತಿಯಲ್ಲಿ ಕೇಳಿ ಕೆರೆಯ ಗೋಡು ತಂದೆವು. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದರೆ ಮುರಿಯದೆ ದಾರದಂತೆ ಬರಬೇಕು, ಆಗಲೇ ಅದರಲ್ಲಿ ಜೇಡಿ ಸಾಕಷ್ಟಿದೆ ಎಂದು ಅರ್ಥ. ಅದನ್ನು ತೆಳುವಾಗಿ ಹರಡಿ, ನೀರು ಚಿಮುಕಿಸಿ, ತುಳಿಸಿ, ಮೇಲೆ ಇನ್ನೊಂದು ಪದರ. ಹೀಗೆ ಒಂದು ಅಡಿ ದಪ್ಪ ಮಾಡಿದೆವು.

ತುಳಿದದ್ದು ಯಾರು? ಅದೇ ಹನ್ನೆರಡು ಮೇಕೆ, ಎರಡು ಹಸು. ಹೊದಿಕೆ ಹರಿದ ಗೊರಸುಗಳೇ ಜೇಡಿಮಣ್ಣನ್ನು ಒತ್ತಿ ಸಂದುಗಳನ್ನು ಮುಚ್ಚಿದವು. ಅವನ್ನು ಅತ್ತಿಂದಿತ್ತ ಓಡಿಸುತ್ತಾ ನನಗೂ ಮೊಣಕಾಲುದ್ದ ಕೆಸರು. ಒಣಗಿದರೆ ಜೇಡಿ ಬಿರಿಯುತ್ತದೆ. ಅದಕ್ಕೆ ಮಳೆ ಬರುವ ತನಕ ಜೋಳದ ದಂಟು ಹೊದಿಸಿ ತೇವ ಕಾಪಾಡಿದೆವು.

ಮಳೆ ಬಂದು ನೀರು ನಿಂತ ಮೇಲೆ ಮತ್ತೆ ಬಕೆಟ್ ಇಟ್ಟೆ. ಮೂರು ದಿನಕ್ಕೆ ಬಕೆಟ್ ಒಂದೂವರೆ ಸೆಂಟಿಮೀಟರ್ ಇಳಿದಿತ್ತು, ಹೊಂಡ ಎರಡೂವರೆ. ಸೋರಿಕೆ ಪೂರ್ತಿ ನಿಂತಿಲ್ಲ, ಆದರೆ ಹಸು ಕೊಟ್ಟಿಗೆಯಲ್ಲೇ ಇದೆ. ಈಗ ಜಾನುವಾರು ಹೊಂಡಕ್ಕೆ ಇಳಿಯುವುದಿಲ್ಲ. ನೀರು ಸೇದಿ ಬೇಲಿಯ ಹೊರಗಿನ ತೊಟ್ಟಿಗೆ ತುಂಬುತ್ತೇವೆ.

ಅಕೌಂಟೆನ್ಸಿ ತರಗತಿಯಲ್ಲಿ ನಷ್ಟವನ್ನು ಆಯಾ ವರ್ಷದ ಲೆಕ್ಕದಲ್ಲೇ ತೋರಿಸಬೇಕು ಎಂದು ಕಲಿಸಿದಾಗ ಪರೀಕ್ಷೆಗಾಗಿ ಬರೆದುಕೊಂಡಿದ್ದೆ. ಯಾಕೆ ಎಂಬುದು ಗೊತ್ತಾದದ್ದು ಹೊಂಡದ ದಡದಲ್ಲಿ. ಆ ಮಧ್ಯಾಹ್ನವೇ ಬಾಯಿ ಬಿಟ್ಟಿದ್ದರೆ ಎರಡು ವಾರದ ನೀರು ಉಳಿಯುತ್ತಿತ್ತು. ಬೇಲಿಯ ಬಾಗಿಲನ್ನು ಈಗ ದಿನಾ ಸಂಜೆ ನಾನೇ ಹಾಕುತ್ತೇನೆ.